ಡಿಗಾಕ್ಸಿನ್ ಹಿಡಿತ ತಪ್ಪಿದರೆ: ಸೋಡಿಯಂ ಪಂಪನ್ನು ದೂರುವ ಮುಂಚೆ ನೋಡಬೇಕಾದದ್ದು

ಡಿಗಾಕ್ಸಿನ್ ಅಂದರೆ ಹೃದಯ ವೈಫಲ್ಯಕ್ಕೆ, ತಾಳ ತಪ್ಪಿದ ಎದೆಬಡಿತಕ್ಕೆ ಕೊಡುವ ಮಾತ್ರೆ. ಅದನ್ನು ವರ್ಷಗಟ್ಟಲೆ ನುಂಗುತ್ತಿರುವವರ ಬಗ್ಗೆ ಎರಡು ದೂರು ಪದೇ ಪದೇ ಬರುತ್ತವೆ. ಒಂದು: ಮೊದಲು ಈ ಮಾತ್ರೆ ಚೆನ್ನಾಗಿ ಹಿಡಿದಿತ್ತು, ಈಗ ಹಿಡಿಯುತ್ತಿಲ್ಲ. ಎದೆಬಡಿತ ಜೋರು, ಕಾಲಿನ ಬಾವು ವಾಪಸ್ಸು. ಇನ್ನೊಂದು ಪೂರ್ತಿ ಉಲ್ಟಾ: ಅದೇ ಮಾತ್ರೆ, ಅದೇ ಡೋಸು, ಆದರೆ ಈಗ ವಾಕರಿಕೆ, ಸುಸ್ತು, ನಾಡಿ ನಿಧಾನ.

ಮೊದಲನೇ ದೂರಿಗೆ ವಾರ್ಡಿನಲ್ಲಿ ಒಂದು ರೆಡಿ ಉತ್ತರ ಇದೆ: "ದೇಹ ಔಷಧಕ್ಕೆ ಒಗ್ಗಿಹೋಗಿದೆ." ಸ್ವಲ್ಪ ಓದಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಡಿಗಾಕ್ಸಿನ್ ಸೋಡಿಯಂ ಪಂಪನ್ನು ತಡೆಯುತ್ತದೆ, ಅದಕ್ಕೆ ಜೀವಕೋಶ ಹೊಸ ಪಂಪುಗಳನ್ನು ಮಾಡಿಕೊಂಡಿದೆ, ಆದ್ದರಿಂದ ಡೋಸು ಏರಿಸಬೇಕು ಎನ್ನುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಅದು ನಿಜವೂ ಹೌದು. ಆದರೆ ಮನುಷ್ಯರ ಹೃದಯದ ಸ್ನಾಯುವಿನಲ್ಲಿ ಹುಡುಕಿದವರಿಗೆ ಅದು ಸಿಕ್ಕಿಲ್ಲ. ಈ ಔಷಧದಲ್ಲಿ ಸರಿಯಾದ ಡೋಸಿಗೂ ವಿಷಕ್ಕೂ ಅಂತರ ಕಮ್ಮಿ. ಹಾಗಾಗಿ ಆ ಊಹೆ ನಂಬಿ ಡೋಸು ಏರಿಸಿದರೆ ಮೊದಲನೇ ದೂರು ಎರಡನೇ ದೂರಾಗಿ ಬದಲಾಗುತ್ತದೆ, ಅಷ್ಟೇ.

ಇದು ಹೌಸ್ ಸರ್ಜನ್‌ಗಳಿಗೆ, ನರ್ಸ್‌ಗಳಿಗೆ, ಫಾರ್ಮಸಿಯವರಿಗೆ, ವಿದ್ಯಾರ್ಥಿಗಳಿಗೆ ಬರೆದದ್ದು. ಮನೆಯಲ್ಲಿ ಈ ಮಾತ್ರೆ ತಗೊಳ್ಳುವವರು ಇದ್ದು ನೀವು ಓದುತ್ತಿದ್ದರೆ ಸಂತೋಷ. ಆದರೆ ಡೋಸು ಏರಿಸುವುದು, ಇಳಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೈಯಲ್ಲೇ ಇರಲಿ.

ಪಂಪಿನ ಕೆಲಸ, ಬೇಕಾದಷ್ಟು ಮಾತ್ರ

ಸೋಡಿಯಂ ಪಂಪು ಜೀವಕೋಶದ ಪೊರೆಯಲ್ಲಿ ಕೂತಿರುತ್ತದೆ. ಕೋಶದ ಇಂಧನವಾದ ಎಟಿಪಿ ಒಂದನ್ನು ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಡಿಗಾಕ್ಸಿನ್ ಜಾತಿಯ ಔಷಧಗಳು ಈ ಸಾಗಾಟ ನಿಲ್ಲಿಸುತ್ತವೆ ಎಂದು ಶಾಟ್ಸ್‌ಮನ್ 1953ರಲ್ಲಿ ಕೆಂಪು ರಕ್ತಕಣಗಳಲ್ಲಿ ತೋರಿಸಿದರು. ಆ ಕೆಲಸ ಮಾಡುವ ಕಿಣ್ವವನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಗುರುತಿಸಿದರು. 1997ರಲ್ಲಿ ಅವರಿಗೆ ನೊಬೆಲ್ ಬಂತು. ಡಿಗಾಕ್ಸಿನ್ ಕೊಟ್ಟ ಮತ್ತು ಕೊಡದ 6,800 ರೋಗಿಗಳನ್ನು ಹೋಲಿಸಿದ ದೊಡ್ಡ ಟ್ರಯಲ್ ಪ್ರಕಟವಾದದ್ದೂ ಅದೇ ವರ್ಷ. ಔಷಧದಿಂದ ಸಾವು ಕಮ್ಮಿಯಾಗಲಿಲ್ಲ, ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು ಕಮ್ಮಿಯಾಯಿತು ಎಂದು ಅದು ಹೇಳಿತು.

ಡಿಗಾಕ್ಸಿನ್ ಪಂಪಿಗೆ ಹೊರಗಿನಿಂದ ಅಂಟಿಕೊಳ್ಳುತ್ತದೆ. ಅಂಟಿಸಿಕೊಂಡ ಪಂಪು ನಿಲ್ಲುತ್ತದೆ. ಕೋಶದೊಳಗೆ ಸೋಡಿಯಂ ಸ್ವಲ್ಪ ಏರುತ್ತದೆ. ಹಾಗಾದಾಗ ಸೋಡಿಯಂ ಒಳಬಿಟ್ಟು ಕ್ಯಾಲ್ಸಿಯಂ ಹೊರಹಾಕುವ ಇನ್ನೊಂದು ವ್ಯವಸ್ಥೆ ಮಂದವಾಗುತ್ತದೆ. ಉಳಿದ ಕ್ಯಾಲ್ಸಿಯಂ ಕೋಶದ ಉಗ್ರಾಣ ಸೇರಿ, ಮುಂದಿನ ಬಡಿತಕ್ಕೆ ಬಲ ಕೊಡುತ್ತದೆ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆ ತಾಳ ತಪ್ಪಿ ಅದುರುವ ಎಎಫ್ ಇರುವವರಲ್ಲಿ ಬಡಿತ ಇಳಿಯುವುದು ಮುಖ್ಯವಾಗಿ ಬೇರೆ ದಾರಿಯಲ್ಲಿ: ವೇಗಸ್ ನರದ ಪ್ರಭಾವ ಜಾಸ್ತಿಯಾಗಿ, ಮೇಲಿನ ಕೋಣೆಯಿಂದ ಕೆಳಗೆ ಸಂಕೇತ ದಾಟುವುದು ನಿಧಾನವಾಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಮಾತು. ಕೆಲವು ಪಂಪು ನಿಂತರೆ ಉಳಿದವು ಸುಮ್ನೆ ಕೂರುವುದಿಲ್ಲ. ಊರಿನ ಸಂಪಿಗೆ ಮೂರು ಮೋಟಾರು ಇದ್ದು ಒಂದು ಕೆಟ್ಟರೆ, ನೀರಿನ ಮಟ್ಟ ಒಂದಿಷ್ಟು ಏರುತ್ತದೆ, ಉಳಿದೆರಡು ಜಾಸ್ತಿ ಎಳೆಯುತ್ತವೆ. ಹಾಗೆಯೇ ಒಳಗಿನ ಸೋಡಿಯಂ ಏರಿದ ಕೂಡಲೇ ಉಳಿದ ಪಂಪುಗಳ ವೇಗ ಏರುತ್ತದೆ. ಹೊಸ ಪಂಪು ಒಂದೂ ಹುಟ್ಟದೆ ಆಗುವ ಹೊಂದಾಣಿಕೆ ಇದು. ಔಷಧ ಕೆಲಸ ಮಾಡುವುದೂ ಒಳಗಿನ ಸೋಡಿಯಂನ ಈ ಸಣ್ಣ ಏರಿಕೆಯಿಂದಲೇ. ಹಾಗಾಗಿ ಪಂಪುಗಳು ಹೊಂದಿಕೊಂಡವು ಅಂದ ಮಾತ್ರಕ್ಕೆ ಔಷಧ ಸೋತಿತು ಅಂತಲ್ಲ.

ಮೊದಲು ನಾಡಿ, ಆಮೇಲೆ ಲ್ಯಾಬ್

ರಕ್ತ ಕಳಿಸುವ ಮುಂಚೆ ರೋಗಿಯ ಮಣಿಕಟ್ಟು ಹಿಡಿಯಿರಿ. ಪೂರ್ತಿ ಒಂದು ನಿಮಿಷ ಎಣಿಸಿ. ಎಎಫ್ ಇರುವವರ ನಾಡಿಗೆ ತಾಳ ಇರುವುದಿಲ್ಲ. ಒಂದು ಬಡಿತ ಗಟ್ಟಿ, ಒಂದು ಸಣ್ಣ, ಮಧ್ಯದ ಅಂತರ ಒಂದೊಂದು ಸಲ ಒಂದೊಂದು ಥರ. ಅಂಥ ನಾಡಿ ಒಂದು ದಿನ ಗಡಿಯಾರದ ಹಾಗೆ ಸಮನಾಗಿ, ನಿಮಿಷಕ್ಕೆ 50ರ ಆಸುಪಾಸಿನಲ್ಲಿ ಓಡುತ್ತಿದ್ದರೆ ಮನೆಯವರಿಗೆ ಖುಷಿಯಾಗುತ್ತದೆ. ಕೇಸ್ ಶೀಟಿನಲ್ಲಿ ‘ನಾಡಿ ಸರಿಹೋಗಿದೆ’ ಎಂದು ಬರೆದವರೂ ಇದ್ದಾರೆ. ಅದು ಬಹುತೇಕ ಸರಿಹೋದದ್ದಲ್ಲ. ಮೇಲಿನಿಂದ ಸಂಕೇತ ಬರುವುದು ಪೂರ್ತಿ ನಿಂತು, ಕೆಳಗಿನ ಜಂಕ್ಷನ್ ತಾನೇ ತಾಳ ಹಿಡಿದಿದೆ. ಡಿಗಾಕ್ಸಿನ್ ವಿಷ ಹೀಗೆ ಕಾಣಿಸಿಕೊಳ್ಳಬಹುದು. ತಕ್ಷಣ ಇಸಿಜಿ ತೆಗೆಯಿರಿ.

ಇಸಿಜಿಯಲ್ಲಿ ಎಸ್‌ಟಿ ಭಾಗ ಜೋತುಬಿದ್ದ ಹಾಗೆ, ತಿರುಗಿಸಿಟ್ಟ ಟಿಕ್ ಮಾರ್ಕಿನ ಹಾಗೆ ಕಂಡರೆ ಹೆದರಬೇಡಿ. ರೋಗಿ ಮಾತ್ರೆ ನುಂಗುತ್ತಿದ್ದಾರೆ ಎಂದಷ್ಟೇ ಅದರ ಅರ್ಥ. ವಿಷದ ಗುರುತುಗಳು ಬೇರೆ: ಕುಹರದ, ಅಂದರೆ ಕೆಳಗಿನ ಕೋಣೆಯ ಹೆಚ್ಚುವರಿ ಬಡಿತಗಳು, ಸಂಕೇತ ದಾಟದ ಬ್ಲಾಕ್, ಮೇಲಿನ ಕೋಣೆ ವೇಗವಾಗಿ ಓಡುತ್ತಿದ್ದರೂ ಕೆಳಗಿನದು ನಿಧಾನ. ಅಪರೂಪಕ್ಕೆ ಒಂದು ಬಡಿತ ಮೇಲ್ಮುಖ, ಮುಂದಿನದು ಕೆಳಮುಖ ಬರುವ ಕುಹರ ಟಾಕಿಕಾರ್ಡಿಯ, ಅಂದರೆ ಕುಹರದ ಅತಿವೇಗದ ಬಡಿತ.

ವಸ್ತುಗಳ ಸುತ್ತ ಹಳದಿ ಕಾಣುವುದು ಪಠ್ಯಪುಸ್ತಕದಲ್ಲಿ ಎದ್ದು ಕಾಣುವ ಲಕ್ಷಣ. ವಾರ್ಡಿನಲ್ಲಿ ಜಾಸ್ತಿ ಸಿಗುವುದು "ಊಟ ಸೇರ್ತಿಲ್ಲ ಡಾಕ್ಟ್ರೇ, ಅನ್ನ ನೋಡಿದ್ರೆ ಹೊಟ್ಟೆ ತೊಳಸುತ್ತೆ" ಅನ್ನುವ ಅಜ್ಜಿ. ಜೊತೆಗೆ ನಿಂತ ಸೊಸೆ, "ಎರಡು ದಿನದಿಂದ ಏನೇನೋ ಮಾತಾಡ್ತಾರೆ" ಅಂತ ಸೇರಿಸುತ್ತಾರೆ. ವಯಸ್ಸಾದವರಲ್ಲಿ ಇವೆರಡೇ ಸಾಕು. ಗ್ಯಾಸ್ ಮಾತ್ರೆ ಬರೆದು ಕಳಿಸಬೇಡಿ.

ಬಡಿತ ಜೋರಾಗಿದೆ ಅನ್ನುವ ದೂರಿದ್ದರೆ ಇನ್ನೊಂದು ಪ್ರಶ್ನೆ: ಕೂತಾಗ ಜೋರೋ, ನಡೆದಾಗ ಜೋರೋ? ಡಿಗಾಕ್ಸಿನ್ ವೇಗಸ್ ಮೂಲಕ ಬಡಿತ ಇಳಿಸುತ್ತದೆ ಅಂದೆ ಅಲ್ವಾ? ನಡೆದಾಗ, ಜ್ವರ ಬಂದಾಗ, ರಕ್ತ ಕಮ್ಮಿಯಾದಾಗ ವೇಗಸ್ ಹಿಂದೆ ಸರಿಯುತ್ತದೆ. ಆಗ ಔಷಧದ ಹಿಡಿತವೂ ಸಡಿಲ. ಇದು ಮೊದಲ ದಿನದಿಂದಲೂ ಇರುವ ಮಿತಿ. ಐದು ವರ್ಷ ಆದಮೇಲೆ ಕೋಶಗಳು ಕಲಿತ ಚಾಲಾಕಿಯಲ್ಲ. ಮೆಟ್ಟಿಲು ಹತ್ತಿದಾಗ ಮಾತ್ರ ಬಡಿತ 130 ಆಗುವವರಿಗೆ ಡಿಗಾಕ್ಸಿನ್ ಏರಿಸಿ ಪ್ರಯೋಜನ ಇಲ್ಲ. ಜ್ವರ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿ.

ರಕ್ತದ ಮಟ್ಟ: ಟ್ಯೂಬಿನ ಮೇಲೆ ಗಂಟೆ ಬರೆದಿದೆಯೇ?

ಹೃದಯ ವೈಫಲ್ಯಕ್ಕೆ ಈಗ ಒಪ್ಪುವ ಮಟ್ಟ ಒಂದು ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ. ಹಳೆಯ ರಿಪೋರ್ಟುಗಳಲ್ಲಿ ‘ನಾರ್ಮಲ್ 2ರವರೆಗೆ’ ಎಂದು ಅಚ್ಚಾಗಿರುತ್ತದೆ. ಅದನ್ನು ಗುರಿ ಮಾಡಿಕೊಳ್ಳಬೇಡಿ.

ಸಂಖ್ಯೆಗಿಂತ ಮುಂಚೆ ಕೇಳಬೇಕಾದದ್ದು ರಕ್ತ ತೆಗೆದ ಸಮಯ. ಮಾತ್ರೆ ನುಂಗಿದ ಮೇಲೆ ಔಷಧ ಮೊದಲು ರಕ್ತಕ್ಕೆ ಬರುತ್ತದೆ, ನಿಧಾನಕ್ಕೆ ಸ್ನಾಯುಗಳಿಗೆ ಹೋಗುತ್ತದೆ. ಆರು ಗಂಟೆಯಾದರೂ ಕಳೆಯಬೇಕು, 12 ಗಂಟೆ ಕಳೆದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಎಂಟಕ್ಕೆ ನುಂಗಿ ಹತ್ತಕ್ಕೆ ಒಪಿಡಿಯಲ್ಲಿ ರಕ್ತ ಕೊಟ್ಟವರ ರಿಪೋರ್ಟು ಹೆದರಿಸುತ್ತದೆ, ಅರ್ಥ ಮಾತ್ರ ಇರುವುದಿಲ್ಲ.

ಉಲ್ಟಾ ಬಲೆಯೂ ಇದೆ. ನಮ್ಮಲ್ಲಿ ಡಿಗಾಕ್ಸಿನ್ ಅನ್ನು ‘ವಾರಕ್ಕೆ ಐದು ದಿನ’ ಬರೆಯುವ ರೂಢಿ ಹಳೆಯದು. ಸೋಮವಾರದಿಂದ ಶುಕ್ರವಾರ ಒಂದೊಂದು, ಶನಿವಾರ ಭಾನುವಾರ ರಜೆ. ಕಿಡ್ನಿ ಸರಿ ಇರುವವರಲ್ಲಿ ಔಷಧದ ಅರ್ಧಾಯುಷ್ಯ, ಅಂದರೆ ಮಟ್ಟ ಅರ್ಧಕ್ಕೆ ಇಳಿಯುವ ಸಮಯ, 36ರಿಂದ 48 ಗಂಟೆ. ಶುಕ್ರವಾರ ಬೆಳಗ್ಗೆ ನುಂಗಿ, ಸೋಮವಾರ ಬೆಳಗ್ಗೆ ಮಾತ್ರೆಗೆ ಮುಂಚೆ ರಕ್ತ ಕೊಟ್ಟರೆ ಮಧ್ಯೆ 72 ಗಂಟೆ ಕಳೆದಿದೆ. 36 ಗಂಟೆಯ ಲೆಕ್ಕದಲ್ಲಿ ಎರಡು ಅರ್ಧಾಯುಷ್ಯ, ಅಂದರೆ ಉಳಿಯುವುದು ಸುಮಾರು ಕಾಲು ಭಾಗ. ‘ಮಟ್ಟ ಕಮ್ಮಿ ಇದೆ, ಡೋಸು ಸಾಲುತ್ತಿಲ್ಲ’ ಎಂದು ತೀರ್ಮಾನಿಸುವ ಮುಂಚೆ ಕ್ಯಾಲೆಂಡರ್ ನೋಡಿ. ಹಾಗೆಯೇ ಐದು ದಿನದ ಡೋಸು ಹಗುರ ಅನ್ನುವ ನಂಬಿಕೆಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. 0.25 ಮಿಲಿಗ್ರಾಂ ಮಾತ್ರೆ ಐದು ದಿನ ಅಂದರೆ ವಾರಕ್ಕೆ 1.25 ಮಿಲಿಗ್ರಾಂ. ದಿನಾ ಅರ್ಧ ಮಾತ್ರೆ ಅಂದರೆ ವಾರಕ್ಕೆ 0.875. ರಜೆ ಇದ್ದದ್ದೇ ಜಾಸ್ತಿ ಡೋಸು! ನನ್ನನ್ನು ಕೇಳಿದರೆ, ಸಣ್ಣ ಮೈಯ ವಯಸ್ಸಾದವರಿಗೆ ದಿನಾ ಅರ್ಧ ಮಾತ್ರೆಯೇ ಮೇಲು. ಮರೆಯುವುದೂ ಕಮ್ಮಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ದೇಹದ ಡಿಗಾಕ್ಸಿನ್‌ನಲ್ಲಿ ದೊಡ್ಡ ಪಾಲು ಕೈಕಾಲಿನ ಸ್ನಾಯುಗಳ ಪಂಪುಗಳಿಗೆ ಅಂಟಿಕೊಂಡಿರುತ್ತದೆ. ಸ್ನಾಯು ಕೆಲಸ ಮಾಡಿದಾಗ ಅಲ್ಲಿ ಅಂಟುವುದು ಜಾಸ್ತಿಯಾಗಿ, ರಕ್ತದ ಮಟ್ಟ ತಾತ್ಕಾಲಿಕವಾಗಿ ಇಳಿಯುತ್ತದೆ. ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದವರ ರಕ್ತವನ್ನು ಬಂದ ಕೂಡಲೇ ತೆಗೆಯಬೇಡಿ. ಕೂರಿಸಿ, ನೀರು ಕೊಡಿ, ಸುಧಾರಿಸಿಕೊಳ್ಳಲಿ.

ನವಜಾತ ಶಿಶು, ಗರ್ಭಿಣಿ, ಕಿಡ್ನಿ ಅಥವಾ ಲಿವರ್ ಕೆಟ್ಟವರ ರಕ್ತದಲ್ಲಿ ಡಿಗಾಕ್ಸಿನ್ ಥರ ಕಾಣುವ ವಸ್ತುಗಳು ಇರಬಹುದು. ಔಷಧ ಮುಟ್ಟದಿದ್ದರೂ ಟೆಸ್ಟ್ ಸ್ವಲ್ಪ ಮಟ್ಟ ತೋರಿಸುತ್ತದೆ. ಕಣಗಿಲೆ, ಹಳದಿ ಕಣಗಿಲೆಯ ವಿಷವೂ ಇದೇ ಪಂಪಿಗೆ ಅಂಟುತ್ತದೆ, ಡಿಗಾಕ್ಸಿನ್ ಟೆಸ್ಟಿನಲ್ಲೂ ಸಿಕ್ಕಿಬೀಳುತ್ತದೆ. ಆದರೆ ಆಗ ಬರುವ ಸಂಖ್ಯೆ ವಿಷದ ಪ್ರಮಾಣ ಹೇಳುವುದಿಲ್ಲ, ಹೊಟ್ಟೆಗೆ ಹೋಗಿದೆ ಎಂದಷ್ಟೇ ಹೇಳುತ್ತದೆ. ನಾಟಿ ಔಷಧ ತಗೊಂಡಿದ್ದಾರಾ ಎಂದು ಗದರದೆ ಕೇಳಿ. ಗದರಿದರೆ ಯಾರೂ ಹೇಳುವುದಿಲ್ಲ.

ಕಿಡ್ನಿ: ಕ್ರಿಯಾಟಿನಿನ್ 1.0 ಅಂದರೆ ಸರಿ ಇದೆ ಅಂತಲ್ಲ

ಡಿಗಾಕ್ಸಿನ್ ಹೆಚ್ಚಿನ ಪಾಲು ಹಾಗೇ ಮೂತ್ರದಲ್ಲಿ ಹೋಗುತ್ತದೆ. 78 ವರ್ಷದ, 40 ಕಿಲೋ ತೂಕದ ಹೆಂಗಸಿನ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) 1.0 ಬಂದರೆ ರಿಪೋರ್ಟಿನಲ್ಲಿ ಕೆಂಪು ಗುರುತು ಇರುವುದಿಲ್ಲ. ಕಾಕ್‌ಕ್ರಾಫ್ಟ್–ಗಾಲ್ಟ್ ಎಂಬ, ಕಿಡ್ನಿ ಸೋಸುವ ವೇಗ ಅಂದಾಜಿಸುವ ಸೂತ್ರ ಹಾಕಿ: 140ರಲ್ಲಿ 78 ಕಳೆದರೆ 62, ಅದಕ್ಕೆ 40ರ ಗುಣಾಕಾರ, 72ರಿಂದ ಭಾಗಾಕಾರ, ಹೆಂಗಸಾದ್ದರಿಂದ 0.85. ಉತ್ತರ ನಿಮಿಷಕ್ಕೆ ಸುಮಾರು 29 ಮಿಲಿಲೀಟರ್. ಆರೋಗ್ಯವಂತ ಕಿಡ್ನಿಯ ಮೂರನೇ ಒಂದು ಭಾಗವೂ ಇಲ್ಲ. ‘ಅದೇ ಡೋಸು, ಈಗ ವಿಷ’ ಅನ್ನುವ ದೂರಿನಲ್ಲಿ ಹುಡುಕಾಟ ಅರ್ಧ ದಾರಿಗೂ ಮುಂಚೆಯೇ ಇಲ್ಲಿ ಮುಗಿಯುವುದುಂಟು. ಡೋಸು ಬದಲಾಗಿಲ್ಲ, ಹೊರಹೋಗುವ ದಾರಿ ಸಣ್ಣದಾಗಿದೆ. ವಾಂತಿ ಭೇದಿಯಾಗಿ ನೀರು ಕಮ್ಮಿಯಾದ ವಾರದಲ್ಲಂತೂ ಇದು ಬೇಗ ಆಗುತ್ತದೆ.

ಪೊಟ್ಯಾಸಿಯಂ, ಮತ್ತು ಪಂಪುಗಳ ನಿಜವಾದ ಹೊಂದಾಣಿಕೆ

ಪಂಪುಗಳ ಸಂಖ್ಯೆ ಬದಲಾಗಿ ರೋಗಿಗೆ ತೊಂದರೆಯಾಗುವ ಜಾಗ ಒಂದಿದ್ದರೆ, ಅದು ಇದು.

ಡಿಗಾಕ್ಸಿನ್ ಮತ್ತು ಪೊಟ್ಯಾಸಿಯಂ ಪಂಪಿನ ಹೊರಮುಖದಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ಸಲೀಸಾಗಿ ಅಂಟುತ್ತದೆ. ಹೃದಯ ವೈಫಲ್ಯದವರು ನೀರು ಇಳಿಸುವ ಫ್ಯೂರೋಸೆಮೈಡ್ ತಗೊಳ್ಳುತ್ತಲೇ ಇರುತ್ತಾರೆ, ಅದು ಪೊಟ್ಯಾಸಿಯಂ ಹೊರಹಾಕುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಎರಡನೇ ಏಟು ನಿಧಾನಕ್ಕೆ ಬೀಳುತ್ತದೆ. ಪೊಟ್ಯಾಸಿಯಂ ಬಹಳ ದಿನ ಕಮ್ಮಿ ಇದ್ದರೆ ಕೈಕಾಲಿನ ಸ್ನಾಯು ತನ್ನ ಪಂಪುಗಳನ್ನೇ ಕಮ್ಮಿ ಮಾಡಿಕೊಳ್ಳುತ್ತದೆ. ಇದನ್ನು ಡೆನ್ಮಾರ್ಕಿನವರು 1980ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿದರು. ಬಹಳ ಕಾಲ ಮೂತ್ರವರ್ಧಕ ತಗೊಂಡ ರೋಗಿಗಳ ಸ್ನಾಯು ತುಣುಕುಗಳಲ್ಲೂ ಪಂಪು ಕಮ್ಮಿಯಾದದ್ದನ್ನು ಕಂಡರು. ಸ್ನಾಯು ತನ್ನ ಪೊಟ್ಯಾಸಿಯಂ ಬಿಟ್ಟುಕೊಟ್ಟು ರಕ್ತದ ಮಟ್ಟ ಕಾಪಾಡುವ ಉಪಾಯ ಇದು. ದೇಹದ ಮಟ್ಟಿಗೆ ಜಾಣತನವೇ. ಆದರೆ ಡಿಗಾಕ್ಸಿನ್ ಹೋಗಿ ಅಂಟುತ್ತಿದ್ದ ದೊಡ್ಡ ಜಾಗ ಸ್ನಾಯುವೇ ಆಗಿತ್ತು. ಅಲ್ಲಿ ಜಾಗ ಕಮ್ಮಿಯಾದರೆ ಹೃದಯದ ಪಾಲಿಗೆ ಔಷಧ ಜಾಸ್ತಿ ಉಳಿಯುತ್ತದೆ. ಹಾಗಾಗಿ ದೀರ್ಘ ಚಿಕಿತ್ಸೆಯಲ್ಲಿ ಪಂಪುಗಳು ಬದಲಾಗುತ್ತವೆ ಅನ್ನುವುದು ಸುಳ್ಳಲ್ಲ. ಬದಲಾಗುವ ಜಾಗ ಹೃದಯವಲ್ಲ ತೊಡೆ, ಕಾರಣ ಡಿಗಾಕ್ಸಿನ್ ಅಲ್ಲ ಮೂತ್ರದ ಮಾತ್ರೆ, ದಿಕ್ಕು ಏರಿಕೆಯಲ್ಲ ಇಳಿಕೆ.

ಪೊಟ್ಯಾಸಿಯಂ ಕೊಟ್ಟರೂ ಏರದಿದ್ದರೆ ಮೆಗ್ನೀಸಿಯಂ ನೋಡಿ. ಅದು ಕಮ್ಮಿ ಇರುವಷ್ಟು ದಿನ ಕಿಡ್ನಿ ಪೊಟ್ಯಾಸಿಯಂ ಸೋರಿಸುತ್ತಲೇ ಇರುತ್ತದೆ. ಹಾಗೆಂದು ಪೊಟ್ಯಾಸಿಯಂ ಸಿರಪ್ ಕಣ್ಣುಮುಚ್ಚಿ ಸುರಿಯಲೂಬಾರದು. ಒಂದೇ ಸಲ ತುಂಬಾ ಮಾತ್ರೆ ನುಂಗಿದವರಲ್ಲಿ ದೇಹದ ತುಂಬ ಪಂಪುಗಳು ನಿಂತು, ಪೊಟ್ಯಾಸಿಯಂ ಒಳಹೋಗಲಾರದೆ ರಕ್ತದಲ್ಲಿ ಏರುತ್ತದೆ. ಅಂಥವರಲ್ಲಿ ಪೊಟ್ಯಾಸಿಯಂ ಲೀಟರಿಗೆ 5.5 ಮಿಲಿಮೋಲ್ ದಾಟಿದರೆ ಅದು ಪ್ರಾಣಾಪಾಯದ ಸೂಚನೆ. ಡಿಗಾಕ್ಸಿನ್ ಹಿಡಿದುಹಾಕುವ ಫ್ಯಾಬ್ ಆಂಟಿಬಾಡಿ ಎಲ್ಲಿ ಸಿಗುತ್ತದೆ ಎಂದು ಆಗಲೇ ಫೋನ್ ಹಚ್ಚಬೇಕು, ಎಲ್ಲ ಕಡೆ ಅದು ಇರುವುದಿಲ್ಲ. ಫ್ಯಾಬ್ ಕೊಟ್ಟ ಮೇಲೆ ಸಾಮಾನ್ಯ ಟೆಸ್ಟಿನಲ್ಲಿ ಡಿಗಾಕ್ಸಿನ್ ಮಟ್ಟ ಆಕಾಶಕ್ಕೆ ಹೋಗುತ್ತದೆ, ಏಕೆಂದರೆ ಆಂಟಿಬಾಡಿ ಹಿಡಿದಿಟ್ಟದ್ದೂ ಎಣಿಕೆಗೆ ಬರುತ್ತದೆ. ಆ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ.

ಥೈರಾಯ್ಡ್ ಎರಡೂ ಕಡೆ ತಿರುಗುತ್ತದೆ. ಹಾರ್ಮೋನು ಜಾಸ್ತಿಯಾದರೆ ಸ್ನಾಯುಗಳಲ್ಲಿ ಪಂಪು ಜಾಸ್ತಿ, ಔಷಧ ಹೊರಹೋಗುವುದೂ ಬೇಗ, ಮೇಲೆ ಬಡಿತ ತಾನೇ ಜೋರು. ಎಷ್ಟು ಡಿಗಾಕ್ಸಿನ್ ಕೊಟ್ಟರೂ ಹಿಡಿಯುವುದಿಲ್ಲ. ಹಾರ್ಮೋನು ಕಮ್ಮಿಯಾದರೆ ಸಣ್ಣ ಡೋಸೂ ಜಾಸ್ತಿ. ‘ಇದ್ದಕ್ಕಿದ್ದಂತೆ ಹಿಡಿತ ತಪ್ಪಿತು’ ಅನ್ನುವವರಲ್ಲಿ ಟಿಎಸ್‌ಎಚ್ ಎಂಬ ಥೈರಾಯ್ಡ್ ಟೆಸ್ಟ್ ಕೇಳದೆ ಬಿಡಬೇಡಿ.

ಮಾತ್ರೆಯ ಡಬ್ಬ ಮೇಜಿನ ಮೇಲೆ ಸುರಿಸಿ

ಎಲ್ಲ ಸ್ಟ್ರಿಪ್‌ಗಳನ್ನೂ ತರಿಸಿ ನೋಡಿ. ಹೇಳಿದ್ದಕ್ಕಿಂತ ಜಾಸ್ತಿ ಅಲ್ಲಿ ತಿಳಿಯುತ್ತದೆ. ಸ್ಟ್ರಿಪ್‌ನಲ್ಲಿ ಎಷ್ಟು ಗುಳಿ ಖಾಲಿ, ಖರೀದಿಸಿದ ದಿನ ಯಾವುದು ಎಂದು ನೋಡಿದರೆ ಲೆಕ್ಕ ಸಿಗುತ್ತದೆ. ಅರ್ಧ ಮಾಡಿದ ಮಾತ್ರೆಗಳು ಪುಡಿಯಾಗಿ ಕವರಿನ ಮೂಲೆಯಲ್ಲಿ ಕೂತಿರುತ್ತವೆ.

ಹೃದಯದ ತಾಳ ಸರಿಪಡಿಸಲು ಕೊಡುವ ಅಮಿಯೋಡರೋನ್, ವೆರಪಾಮಿಲ್, ಕ್ವಿನಿಡಿನ್ ಹೊಸದಾಗಿ ಸೇರಿದ್ದರೆ ಡಿಗಾಕ್ಸಿನ್ ಮಟ್ಟ ಏರುತ್ತದೆ. ಅಮಿಯೋಡರೋನ್ ಶುರುಮಾಡುವಾಗ ಡೋಸು ಅರ್ಧಕ್ಕೆ ಇಳಿಸುವುದು ಸಾಮಾನ್ಯ ರೂಢಿ. ಕೆಮ್ಮಿಗೆಂದು ಕೊಟ್ಟ ಕ್ಲಾರಿಥ್ರೋಮೈಸಿನ್ ಆಂಟಿಬಯಾಟಿಕ್ ಕೂಡ ಏರಿಸುತ್ತದೆ. ಟಿಬಿಗೆ ರಿಫಾಂಪಿಸಿನ್ ಶುರುವಾಗಿದ್ದರೆ ಮಟ್ಟ ಇಳಿಯುತ್ತದೆ. ಅದರ ಕೋರ್ಸು ತಿಂಗಳುಗಟ್ಟಲೆ ಇರುವುದರಿಂದ ‘ಔಷಧ ನಿಧಾನಕ್ಕೆ ಸೋಲುತ್ತಿದೆ’ ಎಂದು ಕಾಣುವುದು ಸಹಜ. ಎದೆಯುರಿಗೆ ಕುಡಿಯುವ ಆಂಟಾಸಿಡ್ ಅನ್ನು ಮಾತ್ರೆಯ ಜೊತೆಗೇ ಕುಡಿದರೂ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಹುಟ್ಟಿನಿಂದಲೇ ‘ರೆಸಿಸ್ಟೆಂಟ್’ ಎಂದು ಕಾಣುವ ಕೆಲವರ ಗುಟ್ಟು ಕರುಳಿನಲ್ಲಿದೆ. ಸುಮಾರು ಹತ್ತರಲ್ಲಿ ಒಬ್ಬರ ಕರುಳಿನಲ್ಲಿ ಎಗ್ಗರ್ಥೆಲ್ಲಾ ಲೆಂಟಾ ಎಂಬ ಬ್ಯಾಕ್ಟೀರಿಯಾ ಡಿಗಾಕ್ಸಿನ್‌ನ ಗಣನೀಯ ಪಾಲನ್ನು ಕೆಡಿಸಿಬಿಡುತ್ತದೆ. ಅಂಥವರಿಗೆ ಡೋಸು ಏರಿಸಿ ಸರಿತೂಗಿಸಿದ ಮೇಲೆ ಯಾವುದೋ ಆಂಟಿಬಯಾಟಿಕ್ ಬಿದ್ದು ಆ ಬ್ಯಾಕ್ಟೀರಿಯಾ ಸತ್ತರೆ, ಅದೇ ಡೋಸು ರಾತ್ರೋರಾತ್ರಿ ವಿಷ. ಹೊರಗಿನಿಂದ ನೋಡಿದವರು ಇದನ್ನೂ ಪಂಪಿನ ತಲೆಗೇ ಕಟ್ಟುತ್ತಾರೆ.

ಹಾಗಾದರೆ ಕೋಶಗಳು ಪಂಪು ಜಾಸ್ತಿ ಮಾಡಿಕೊಳ್ಳುವುದು ಸುಳ್ಳೇ?

ಸುಳ್ಳಲ್ಲ. ಎಲ್ಲಿ ಅನ್ನುವುದೇ ಪ್ರಶ್ನೆ.

1970ರ ದಶಕದಲ್ಲಿ ಹೀಲಾ ಕೋಶಗಳನ್ನು (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳು) ಡಿಗಾಕ್ಸಿನ್‌ನ ಸಂಬಂಧಿ ಊವಬೈನ್ ಸ್ವಲ್ಪವೇ ಬೆರೆಸಿದ ದ್ರವದಲ್ಲಿ, ಅಥವಾ ಪೊಟ್ಯಾಸಿಯಂ ಕಮ್ಮಿ ಇರುವ ದ್ರವದಲ್ಲಿ ಬೆಳೆಸಿ ನೋಡಿದರು. ಒಳಗೆ ಸೋಡಿಯಂ ಏರಿತು. ಕೋಶಗಳು ಔಷಧ ಅಂಟಿದ ಪಂಪುಗಳನ್ನು ಒಳಕ್ಕೆ ಎಳೆದುಕೊಂಡವು, ಹೊಸ ಪಂಪುಗಳನ್ನು ಪೊರೆಗೆ ಕಳಿಸಿದವು. ಮೊದಲ ಕ್ಷಣಗಳಲ್ಲಿ ಉಳಿದ ಪಂಪುಗಳ ವೇಗ, ಗಂಟೆಗಳಲ್ಲಿ ಒಳಹೊರಗಿನ ಸಾಗಾಟ, ಒಂದೆರಡು ದಿನಗಳಲ್ಲಿ ಹೊಸ ಪಂಪಿನ ತಯಾರಿಕೆ. ಹೊಂದಾಣಿಕೆಗೆ ಹೀಗೆ ಹಲವು ಪದರ. ಎಲ್ಲ ಕೋಶಗಳೂ ಒಂದೇ ಕಡೆ ಹೋಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಹಂದಿಯ ಕಿಡ್ನಿಯಿಂದ ಬಂದ ಒಂದು ಕೋಶ ತಳಿಗೆ ಅದೇ ಊವಬೈನ್ ಹಾಕಿದರೆ ಪೊರೆಯ ಮೇಲಿನ ಪಂಪು ಕಮ್ಮಿಯಾಗುತ್ತದೆ.

ರೋಗಿಗಳಲ್ಲಿ ಮೊದಲು ಅಳೆದದ್ದು ಕೆಂಪು ರಕ್ತಕಣಗಳಲ್ಲಿ, ಏಕೆಂದರೆ ಅವು ಸಲೀಸಾಗಿ ಸಿಗುತ್ತವೆ. 1979ರಲ್ಲಿ ಆಕ್ಸ್‌ಫರ್ಡಿನ ಗ್ರೇಹಮ್-ಸ್ಮಿತ್, ಆರನ್ಸನ್ ತಂಡ ಡಿಗಾಕ್ಸಿನ್ ಶುರುಮಾಡಿದ ರೋಗಿಗಳ ಕಣಗಳನ್ನು ನೋಡಿತು. ಮೊದಮೊದಲು ಊವಬೈನ್ ಅಂಟುವ ಜಾಗ ಕಮ್ಮಿ, ರುಬಿಡಿಯಂ (ಅಳತೆಗೆಂದು ಪೊಟ್ಯಾಸಿಯಂ ಬದಲು ಬಳಸುವುದು) ಒಳಸಾಗಾಟ ಕಮ್ಮಿ, ಒಳಗಿನ ಸೋಡಿಯಂ ಜಾಸ್ತಿ. ಬಹಳ ಕಾಲ ಔಷಧ ತಗೊಂಡವರಲ್ಲಿ ಈ ಬದಲಾವಣೆಗಳು ಕಾಣಲಿಲ್ಲ. ‘ದೇಹ ಒಗ್ಗಿಹೋಯಿತು’ ಅನ್ನುವ ಮಾತಿಗೆ ಇದೇ ದೊಡ್ಡ ಬಲ.

ಆದರೆ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ. ಅದು ತಾನಾಗಿ ಹೊಸ ಪಂಪು ಮಾಡಲಾರದು. ಏನಾದರೂ ಏರುವುದಿದ್ದರೆ ಮೂಳೆ ಮಜ್ಜೆಯಲ್ಲಿ ಕಣ ಬೆಳೆಯುವಾಗಲೇ ಏರಬೇಕು. ಅಂಥ ಹೊಸ ಕಣಗಳು ಹಳೆಯವುಗಳ ಜಾಗಕ್ಕೆ ಪೂರ್ತಿ ಬರಲು ಸುಮಾರು 120 ದಿನ ಬೇಕು. ಅಂದರೆ ರಕ್ತಕಣ ತೋರಿಸುವುದು ಮಜ್ಜೆಯ ಕಥೆ. ಬಡಿಯುವ ಹೃದಯದ ಕೋಶವೂ ಹಾಗೇ ಮಾಡಿದೆ ಎಂದು ಅದರಿಂದ ಹೇಳಲಾಗದು.

ಹೃದಯದಲ್ಲೇ ನೋಡಿದವರು ಶ್ಮಿಟ್, ಕೆಲ್ಡ್‌ಸನ್ ಮತ್ತು ಸಂಗಡಿಗರು. 1991ರಲ್ಲಿ, ಬಹಳ ಕಾಲ ಡಿಗಾಕ್ಸಿನ್ ತಗೊಂಡು ತೀರಿಹೋದವರ ಎಡ ಕುಹರದ ತುಣುಕುಗಳು. 1993ರಲ್ಲಿ, ಹೃದಯ ಕಸಿಗಾಗಿ ಹೊರತೆಗೆದ ಹೃದಯಗಳು. ಅವರ ಜಾಣತನ ತೊಳೆಯುವುದರಲ್ಲಿತ್ತು. ಡಿಗಾಕ್ಸಿನ್ ಆಗಲೇ ಅಂಟಿರುವ ಪಂಪು ಎಣಿಕೆಗೆ ಸಿಗುವುದಿಲ್ಲ, ಆ ಜಾಗ ಖಾಲಿ ಇಲ್ಲವಲ್ಲ. ಅದಕ್ಕೆ ಅವರು ತುಣುಕುಗಳನ್ನು ಫ್ಯಾಬ್ ಆಂಟಿಬಾಡಿಯಲ್ಲಿ ನೆನೆಸಿ, ಅಂಟಿದ ಔಷಧ ಎಳೆದು ತೆಗೆದು, ಆಮೇಲೆ ಎಣಿಸಿದರು. ಪಂಪುಗಳ ಒಟ್ಟು ಸಂಖ್ಯೆ ಏರಿರಲಿಲ್ಲ. ತೊಳೆಯುವ ಮುಂಚಿನ ಮತ್ತು ನಂತರದ ವ್ಯತ್ಯಾಸದಿಂದ ಇನ್ನೊಂದೂ ಗೊತ್ತಾಯಿತು: ಹೃದಯದ ಪಂಪುಗಳಲ್ಲಿ ಗಣನೀಯ ಪಾಲನ್ನು ಔಷಧ ಆಗಲೂ ಹಿಡಿದುಕೊಂಡೇ ಇತ್ತು. ಕೆಟ್ಟ ಹೃದಯದಲ್ಲಿ ಪಂಪು ಮೊದಲೇ ಕಮ್ಮಿ ಇರುತ್ತದೆ ಅನ್ನುವುದನ್ನೂ ಇದರ ಜೊತೆ ಇಟ್ಟು ನೋಡಿ. ಸಣ್ಣ ಡೋಸು ಸಾಕು ಅನ್ನುವ ಇಂದಿನ ರೂಢಿಗೆ ಇದು ಹೊಂದುತ್ತದೆ.

ಮೂರನೇ ಸಾಕ್ಷಿ ಲ್ಯಾಬಿನದ್ದಲ್ಲ. 1993ರ ರೇಡಿಯನ್ಸ್ ಟ್ರಯಲ್‌ನಲ್ಲಿ ಡಿಗಾಕ್ಸಿನ್ ಮೇಲೆ ಸ್ಥಿರವಾಗಿದ್ದ 178 ರೋಗಿಗಳಲ್ಲಿ ಕೆಲವರಿಗೆ ಗೊತ್ತಾಗದ ಹಾಗೆ ಔಷಧ ನಿಲ್ಲಿಸಿದರು. ನಿಲ್ಲಿಸಿದ 93 ಜನರಲ್ಲಿ 23 ಮಂದಿಗೆ ಹೃದಯ ವೈಫಲ್ಯ ಜೋರಾಗಿ ಟ್ರಯಲ್ ಬಿಡಬೇಕಾಯಿತು. ಮುಂದುವರಿಸಿದ 85 ಜನರಲ್ಲಿ 4 ಮಂದಿಗೆ ಮಾತ್ರ. ದೇಹ ಪೂರ್ತಿ ಒಗ್ಗಿಹೋಗಿದ್ದರೆ ನಿಲ್ಲಿಸಿದಾಗ ಏನೂ ಆಗಬಾರದಿತ್ತು.

ಲ್ಯಾಬಿನಲ್ಲಿ ಪಂಪು ಎಣಿಸುವ ವಿದ್ಯಾರ್ಥಿಗಳಿಗೆ

‘ಔಷಧ ಕೊಟ್ಟ ಗುಂಪಿನಲ್ಲಿ ಪಂಪು ಕಮ್ಮಿಯಾಗಿದೆ’ ಎಂದು ಬಂದರೆ ಮೊದಲು ಮೇಲೆ ಹೇಳಿದ ತೊಳೆಯುವ ಹಂತ ಮಾಡಿದಿರಾ ನೋಡಿ. ಮಾಡದಿದ್ದರೆ ನೀವು ಎಣಿಸಿದ್ದು ಖಾಲಿ ಪಂಪುಗಳನ್ನು ಮಾತ್ರ. ಅಂಟಿಸುವ ದ್ರವದಲ್ಲಿ ಪೊಟ್ಯಾಸಿಯಂ ಉಳಿದಿದ್ದರೂ ಊವಬೈನ್ ಅಂಟುವುದು ನಿಧಾನವಾಗಿ ಎಣಿಕೆ ಕಮ್ಮಿ ಬರುತ್ತದೆ.

‘ಊವಬೈನ್ ಹಾಕಿದರೂ ಏನೂ ಆಗುತ್ತಿಲ್ಲ’ ಅಂದರೆ, ಇಲಿಯ ಕೋಶ ತಾನೇ? ಪಂಪಿನಲ್ಲಿ ಕೆಲವು ಬಗೆ ಇವೆ, ಇಲಿಯ ಆಲ್ಫಾ 1 ಬಗೆಯಲ್ಲಿ ಔಷಧ ಅಂಟುವ ಜಾಗದ ಎರಡು ಅಮೈನೋ ಆಮ್ಲಗಳು ಬೇರೆ. ಮನುಷ್ಯರ ಪಂಪು ನಿಲ್ಲಿಸುವ ಪ್ರಮಾಣಕ್ಕೆ ಅದು ಜಗ್ಗುವುದಿಲ್ಲ. ಮನುಷ್ಯರ ಹೃದಯದ ಆಲ್ಫಾ 1, 2, 3 ಮೂರೂ ಔಷಧಕ್ಕೆ ಬಗ್ಗುತ್ತವೆ. ದೀರ್ಘ ಚಿಕಿತ್ಸೆಯ ಪ್ರಶ್ನೆಗೆ ಇಲಿಯ ಹೃದಯದಿಂದ ಉತ್ತರ ತಂದರೆ ನಾನಂತೂ ಒಪ್ಪುವುದಿಲ್ಲ.

ಇನ್ನು ಎಂಆರ್‌ಎನ್‌ಎ ಏರಿತು ಎಂದು ಅಲ್ಲಿಗೇ ನಿಲ್ಲಬೇಡಿ. ಪಂಪು ತಯಾರಿಸಲು ಹೇಳುವ ಈ ಸಂದೇಶ ಏರಿ ಪೊರೆಯಲ್ಲಿ ಪಂಪು ಏರದಿರಬಹುದು. ಪಂಪು ಏರಿದರೂ ಸಾಗಾಟ ಏರದಿರಬಹುದು. ಎಣಿಕೆ ಒಂದು, ರುಬಿಡಿಯಂ-86 ಸಾಗಾಟ ಒಂದು, ಒಳಗಿನ ಸೋಡಿಯಂ ಒಂದು. ಈ ಮೂರೂ ಒಂದೇ ತಟ್ಟೆಯಿಂದ ಬರಬೇಕು.

ಡೋಸು ಬದಲಿಸಿದ ಮೇಲೆ

ಇವತ್ತು ಬದಲಿಸಿ ನಾಳೆ ಮಟ್ಟ ನೋಡುವುದು ದುಡ್ಡು ದಂಡ. ಕಿಡ್ನಿ ಸರಿ ಇದ್ದರೆ ಹೊಸ ಮಟ್ಟ ಸ್ಥಿರವಾಗಲು 7ರಿಂದ 10 ದಿನ ಬೇಕು. ಕಿಡ್ನಿ ಸೋತವರಲ್ಲಿ ಎರಡು ಮೂರು ವಾರ. ಅಷ್ಟರೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತೆ ನೋಡಿ. ವಿಷದ ಅನುಮಾನ ಇದ್ದರೆ ಮಾತ್ರ ಕಾಯಬೇಡಿ, ಆಗ ಇಸಿಜಿಯೇ ದಾರಿ ಹೇಳುತ್ತದೆ. ಮಟ್ಟ 0.5ರಿಂದ 0.9ರೊಳಗೆ ಇದ್ದು, ಪೊಟ್ಯಾಸಿಯಂ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ಸರಿ ಇದ್ದು, ಎಎಫ್ ಬಡಿತ ಆಗಲೂ ಜೋರಾಗಿದ್ದರೆ ಡಿಗಾಕ್ಸಿನ್ ಮುಟ್ಟಬೇಡಿ. ಬಡಿತ ಇಳಿಸುವ ಇನ್ನೊಂದು ಔಷಧ, ಬೀಟಾ ಬ್ಲಾಕರ್, ಸೇರಿಸಬಹುದೇ ಎಂದು ಹೃದ್ರೋಗ ತಜ್ಞರನ್ನು ಕೇಳಿ.